ಮಹಾಗನಿಯ ಕುತ್ತಿಗೆ

ಹೋದ ವರ್ಷ ನಮ್ಮ ಬೀದಿಯವರ ವಾರ್ಷಿಕ ಕೂಟದಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್ ನುಡಿಸಲು ಶುರುಮಾಡಿದ ಕೂಡಲೇ ಜನರೆಲ್ಲ ಊಟಕ್ಕೆಂದು ಎದ್ದು ಹೋದರು. ಇದರಲ್ಲೇನು ವಿಶೇಷ ಎನ್ನುತ್ತೀರಾ? ಊಟ ಇನ್ನೂ ಬಂದೇ ಇರಲಿಲ್ಲ.

ಈ ಘೋರ ಅವಮಾನದ ಮೂಲ ಹುಡುಕುತ್ತಾ ನಾನು ತಲೆ ಕೆಡಿಸಿಕೊಂಡೆ. ನನ್ನ ಬೆರಳುಗಳ ಮೇಲೆ ಅನುಮಾನಪಡುವ ಪ್ರಶ್ನೆಯೇ ಇಲ್ಲ (ಕನ್ನಡಕದ ಅಂಗಡಿ ಇಟ್ಟವನು ನಾನು, ಸಾಸಿವೆಗಿಂತ ಸಣ್ಣ ಸ್ಕ್ರೂ ತಿರುಗಿಸಿ ಪಳಗಿದ ಬೆರಳುಗಳಿವು). ಕೊನೆಗೊಂದು ದಿನ ಜ್ಞಾನೋದಯವಾಯಿತು. ತಪ್ಪು ಗಿಟಾರಿನ ನೆಕ್ಕಿನದು! ಎಡಗೈಯಲ್ಲಿ ಹಿಡಿಯುವ ಆ ಉದ್ದನೆಯ ಕುತ್ತಿಗೆ ಮೇಪಲ್ ಮರದ್ದು. ಮೇಪಲ್ ಗಟ್ಟಿ ಮರ. ಅದರ ನಾದ ಗಾಜಿನ ಲೋಟಕ್ಕೆ ಚಮಚ ತಗುಲಿದ ಹಾಗೆ ಚುರುಕು. ಅದೇ ಮಹಾಗನಿಯಾದರೆ ನಾದ ತುಂಬಿಕೊಂಡು, ಬೆಚ್ಚಗೆ, ಕಂಬಳಿ ಹೊದ್ದುಕೊಂಡು ಬರುತ್ತದೆ. ಪಾಪ, ಜನ ಬಯಸಿದ್ದು ಕಂಬಳಿ. ನಾನು ಕೊಟ್ಟಿದ್ದು ಚಮಚ.

ಈ ಮಹಾಸತ್ಯವನ್ನು ಮೊದಲು ಅರುಹಿದ್ದು ಧರ್ಮಪತ್ನಿಗೆ.

"ಅದು ಕರೆಂಟ್ ಗಿಟಾರ್ ಅಲ್ವೇನ್ರೀ?" ಎಂದಳು ಬಟ್ಟೆ ಮಡಿಸುತ್ತಾ. "ಮರದಲ್ಲಿ ಕರೆಂಟ್ ಹರಿಯಲ್ಲ ಅಂತ ಶಾಲೇಲೇ ಹೇಳ್ಕೊಟ್ಟಿದ್ರು. ನೀವು ಆ ದಿನ ಚಕ್ಕರ್ ಹೊಡೆದಿದ್ರಾ?"

"ತಂತಿ ಅದುರುವಾಗ ನೆಕ್ಕೂ ಅದುರುತ್ತೆ ಕಣೇ. ಆ ಅದುರಾಟಾನ ಮರ ಒಂದಿಷ್ಟು ನುಂಗಿ ಹಾಕುತ್ತೆ. ನುಂಗಿ ಉಳಿದದ್ದೇ ಸ್ಪೀಕರಿಗೆ ಬರೋದು."

"ಹಾಗಾದ್ರೆ ಪೂರ್ತಿ ನುಂಗೋ ಮರ ಯಾವುದಾದ್ರೂ ಇದ್ರೆ ಅದನ್ನೇ ತಂದ್ಬಿಡಿ."

ನಾನು ಮಹಾಗನಿಯನ್ನೇ ತಂದೆ. ಊಟದ ಮೇಜಿನ ಮೇಲೆ ಗಿಟಾರನ್ನು ಅಂಗಾತ ಮಲಗಿಸಿ ಶಸ್ತ್ರಚಿಕಿತ್ಸೆಗೆ ಇಳಿದೆ. ಕನ್ನಡಕದ ಸ್ಕ್ರೂಡ್ರೈವರಿಗೆ ಆ ದಪ್ಪ ಸ್ಕ್ರೂಗಳು ಕ್ಯಾರೇ ಅನ್ನಲಿಲ್ಲ; ಪಕ್ಕದ ಮನೆಯಿಂದ ದೊಡ್ಡದೊಂದು ತಂದೆ. ಮಗಳ ಮನೆಗೆಂದು ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದರು. ಬಿಚ್ಚಿದ ಸ್ಕ್ರೂವೊಂದು ಅವರ ಪಾತ್ರೆಗೆ ಹಾರಿತು. ಅತ್ತೆ ಅದನ್ನು ಹುಡುಕಿ, ಒರೆಸಿ, ನನ್ನ ಕೈಗಿಟ್ಟರು.

ಅಂತೂ ಹೊಸ ನೆಕ್ಕು ಕೂತಿತು. ತಂತಿ ಬಿಗಿದು, ಕಣ್ಣು ಮುಚ್ಚಿ, ಒಂದು ದೀರ್ಘ ಸ್ವರ ಎಳೆದೆ. "ಕೇಳಿಸ್ತಾ ಕಂಬಳಿ?"

"ಯಾವ ಕಂಬಳಿ? ಅದೇ ಚಮಚ," ಎಂದಳು ಹೆಂಡತಿ.

ಯುದ್ಧ ಶುರುವಾಯಿತು. ನಿನಗೆ ಕಿವಿಯಿಲ್ಲ ಎಂದೆ ನಾನು. ಕಿವಿ ಇರೋದೇ ನನ್ನ ಕರ್ಮ ಎಂದಳು ಅವಳು. ಅಷ್ಟರಲ್ಲಿ ಅವಳ ತಮ್ಮ ತನ್ನ ಗಿಟಾರ್ ಹೆಗಲಿಗೇರಿಸಿಕೊಂಡು ಬಂದ. ಸಿಟಿ ಬಸ್ ಓಡಿಸುವ ಸಾಧು ಮನುಷ್ಯ. ನಮ್ಮ ಬೀದಿಯ ವಾದ್ಯತಂಡದಲ್ಲಿ ನನ್ನ ಹಿಂದೆ ನಿಂತು ಎರಡನೇ ಗಿಟಾರ್ ಹಿಡಿಯುವವನು. ಅವನದೂ ನನ್ನದೂ ಒಂದೇ ಮಾದರಿ; ಅವನದರಲ್ಲಿ ಹಳೇ ಮೇಪಲ್ಲೇ ಇತ್ತು. ಹೆಂಡತಿಯ ಕಣ್ಣು ಮಿಂಚಿತು.

"ದಿನಾ ಅಂಗಡೀಲಿ ಜನರ ಮೂಗಿನ ಮೇಲೆ ಗಾಜು ಬದಲಾಯಿಸಿ 'ಇದು ಚೆನ್ನಾಗಿದ್ಯಾ, ಇದು ಚೆನ್ನಾಗಿದ್ಯಾ' ಅಂತ ಪ್ರಾಣ ತಿಂತೀರಲ್ಲ, ಇವತ್ತು ನಾನು ಕೇಳ್ತೀನಿ. ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಏ, ನೀನು ಎರಡನ್ನೂ ಒಂದೊಂದಾಗಿ ಬಾರಿಸೋ."

ಕೂತೆ. ಭಾಮೈದ ನುಡಿಸಿದ.

"ಆಹಾ! ಕಣಕಣದಲ್ಲೂ ಮಹಾಗನಿ!"

"ಮೇಪಲ್ಲು ಭಾವ," ಎಂದ ಅವನು, ತಪ್ಪು ತನ್ನದೇ ಎಂಬಂತೆ.

"ಇದು? ಇದು ಶುದ್ಧ ಚಮಚ!"

"ಮಹಾಗನಿ ಭಾವ."

ಹೀಗೇ ನಡೆಯಿತು. ನಾನು ಯಾವುದನ್ನು ಹೇಳುತ್ತೇನೋ ಅದಾಗಿರುತ್ತಿರಲಿಲ್ಲ. ಉಪಾಯ ಹೊಳೆದು, ಅನಿಸಿದ್ದಕ್ಕೆ ಉಲ್ಟಾ ಹೇಳಿದೆ. ಆಗ ಅನಿಸಿದ್ದೇ ಸರಿಯಾಗಿತ್ತು.

"ನೋಡಿದ್ರಾ? ವ್ಯತ್ಯಾಸ ಅನ್ನೋದೇ ಇಲ್ಲ!" ಹೆಂಡತಿ ವಿಜಯಘೋಷ ಮಾಡಿದಳು.

"ಇದೆಯಲ್ಲೇ," ಎಂದರು ಅತ್ತೆ ಬಟಾಣಿಯಿಂದ ತಲೆಯೆತ್ತದೆ. "ಒಂದು ಚುರುಕಾಗಿ ಬಂದು ಬೇಗ ಹೋಗ್ಬಿಡುತ್ತೆ. ಇನ್ನೊಂದು ಸ್ವಲ್ಪ ಹೊತ್ತು ಕೂತು ಮಾತಾಡಿ ಹೋಗುತ್ತೆ."

ಅತ್ತೆಯನ್ನು ಗೋಡೆಗೆ ತಿರುಗಿಸಿ ಕೂರಿಸಿದೆವು. ಎಲ್ಲವನ್ನೂ ಸರಿಯಾಗಿ ಹೇಳಿದರು! ಹೆಂಡತಿ ನಂಬದೆ ತಾನೂ ಕೂತಳು. ಅವಳೂ ಸರಿ! "ಅಯ್ಯೋ, ನನಗೂ ಕೇಳಿಸ್ತಿದೆ ರೀ! ನೀವು ಹೇಳಿದ್ದು ನಿಜ ಕಣ್ರೀ!"

ನನ್ನ ಸಿದ್ಧಾಂತ ಗೆದ್ದಿತು! ಸ್ಕ್ರೂಡ್ರೈವರ್ ಎತ್ತಿಕೊಂಡು ಕುಣಿದೇಬಿಟ್ಟೆ. ಒಂದು ಸುತ್ತು ಕುಣಿದ ಮೇಲೆ, ಈ ಸತ್ಯ ಕೇಳಿಸದ ಏಕೈಕ ಪ್ರಾಣಿ ಅದನ್ನು ಕಂಡುಹಿಡಿದವನೇ ಎಂಬುದು ಹೊಳೆದು ಕಾಲುಗಳು ನಿಂತವು.

"ಕಣ್ಣಿಗೆ ನಂಬರ್ ಬರೋ ಹಾಗೆ ಕಿವಿಗೂ ಬರುತ್ತೇನೋ ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ," ಎಂದರು ಅತ್ತೆ.

"ಆದ್ರೆ ಮೊದಲು ನಾನು ಬಾರಿಸ್ದಾಗ ಇವಳಿಗೂ ಕೇಳಿಸ್ಲಿಲ್ವಲ್ಲ?" ಎಂದೆ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ.

"ನೀವು ಬಾರಿಸ್ದಾಗ ಯಾವ ಮರಾನೂ ಕೇಳಿಸಲ್ಲ ರೀ. ಬರೀ ನೀವೇ ಕೇಳಿಸ್ತೀರಿ."

ಮಾರನೆಯ ವಾರವೇ ಈ ವರ್ಷದ ಕೂಟ. ಗೃಹಮಂತ್ರಿಯ ಆಜ್ಞೆಯಂತೆ ಮಹಾಗನಿ ಗಿಟಾರ್ ಭಾಮೈದನ ಪಾಲಾಯಿತು. ಅತ್ತೆ ಸ್ಪೀಕರಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಗುಂಡಿ ಎಷ್ಟು ತಿರುಗಿಸಬೇಕೆಂದು ಬೆರಳಲ್ಲೇ ಅಪ್ಪಣೆ ಕೊಟ್ಟರು. ನನಗೆ ಒಂದು ಗಿಲಕಿ ಕೊಟ್ಟರು. ಭಾಮೈದ ಮೊದಲ ಸ್ವರ ಎಳೆದ. ಒಬ್ಬರೂ ಊಟಕ್ಕೆ ಏಳಲಿಲ್ಲ. ಎರಡನೇ ಹಾಡಿಗೆ ಮಕ್ಕಳು ಕುಣಿದರು, ಮೂರನೆಯದಕ್ಕೆ ಅವರ ಅಜ್ಜಿಯರು ಕುಣಿದರು. ನಿಜ ಹೇಳುತ್ತೇನೆ, ಹಿಂದೆ ನಿಂತು ಗಿಲಕಿ ಅಲ್ಲಾಡಿಸುತ್ತಿದ್ದ ನನಗೂ ಮೈಮರೆತು ಹೋಯಿತು. ಇಷ್ಟು ಸಂತೋಷ ಗಿಟಾರ್ ಹಿಡಿದಾಗ ಒಮ್ಮೆಯೂ ಆಗಿರಲಿಲ್ಲ.

ಮುಗಿದ ಮೇಲೆ ಎದುರುಮನೆ ಮೇಷ್ಟ್ರು ಓಡಿಬಂದು ನನ್ನ ಕೈ ಕುಲುಕಿದರು. "ಏನು ನಾದ ಸಾರ್! ಎಲ್ಲಾ ಕುತ್ತಿಗೆ ಬದಲಾಯಿಸಿದ್ದರ ಮಹಿಮೆ ಅಂತೆ? ಹೌದಾ?"

ನಾನು ಎದೆಯುಬ್ಬಿಸಿ ಮರಶಾಸ್ತ್ರ ಶುರುಮಾಡುವಷ್ಟರಲ್ಲಿ ಹೆಂಡತಿ ನಡುವೆ ಬಾಯಿ ಹಾಕಿದಳು.

"ಹೂಂ ಮೇಷ್ಟ್ರೇ, ಬದಲಾಯಿಸಿದ್ವಿ. ಹೋದ ವರ್ಷ ಗಿಟಾರು ಇವರ ಕುತ್ತಿಗೇಲಿ ನೇತಾಡ್ತಿತ್ತು. ಈ ವರ್ಷ ನನ್ನ ತಮ್ಮನ ಕುತ್ತಿಗೇಲಿ."