ಕೊಗ್ಗಣ್ಣನ ಸೀಟಿಗೆ ಮನೆಯವರ ರಿವ್ಯೂ

"ನನ್ನ ಬಾಯಿಂದ ಹೊರಟ ಸೀಟಿ ಇವತ್ತಿನವರೆಗೆ ವಾಪಸು ಬಾಯಿಗೆ ಹೋದದ್ದಿಲ್ಲ" ಎಂಬುದು ಕೊಗ್ಗಣ್ಣನ ಘೋಷಣೆ. ವಾರವಿಡೀ ಕೊಲ್ಲಿನಾಡಿನ ಖುರುಮ್‌ನ ಒಂದು ಕಚೇರಿಯಲ್ಲಿ ಕತ್ತು ಬಗ್ಗಿಸಿ ಫೈಲು ನೋಡುವ ಈ ಮಹನೀಯರು ಶುಕ್ರವಾರ ಬಂತೆಂದರೆ ಕಪ್ಪು ಚಡ್ಡಿ ಧರಿಸಿ, ಎದೆಯನ್ನು ಹೊಟ್ಟೆಗಿಂತ ಮುಂದೆ ತರುವ ವಿಫಲ ಯತ್ನ ಮಾಡುತ್ತ, ಕಾಲೇಜುಗಳ ಫುಟ್‌ಬಾಲ್ ಪಂದ್ಯಗಳಿಗೆ ರೆಫ್ರಿಯಾಗಿ ಹೊರಡುತ್ತಾರೆ. ಅವರ ಕಣ್ಣಿನ ಕೀರ್ತಿಯನ್ನು ಅವರೇ ಹಬ್ಬಿಸಿದ್ದರಿಂದ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಸೊಳ್ಳೆ ಆಫ್‌ಸೈಡ್ ಆದರೂ ಅವರಿಗೆ ತಿಳಿಯುತ್ತದಂತೆ. ಒಮ್ಮೆ ಅಲ್ ಖೌದ್‌ನ ಮೈದಾನದಲ್ಲಿ ನಿಂತು, ಗಂಟೆಗಟ್ಟಲೆ ದಾರಿಯಾಚೆಯ ರುಸ್ತಾಕ್ ಕೋಟೆಯ ಮೇಲೆ ಕುಳಿತ ಕಾಗೆ ಯಾವ ಕಾಲು ಎತ್ತಿದೆ ಎಂದು ಹೇಳಿದ್ದರಂತೆ. (ಆ ಕಾಗೆಯನ್ನು ವಿಚಾರಿಸಲು ಯಾರೂ ಹೋಗಲಿಲ್ಲ.) ಇಂಥ ದಿವ್ಯದೃಷ್ಟಿಗೆ ಮನೆಯ ಫ್ರಿಜ್ಜಿನೊಳಗಿನ ಮೊಸರಿನ ಡಬ್ಬಿ ಮಾತ್ರ ಈವರೆಗೆ ಗೋಚರಿಸಿಲ್ಲ ಎಂಬುದು ಅವರ ಹೆಂಡತಿ ಸ್ವರ್ಣಲತಕ್ಕನ ಹೇಳಿಕೆ.

ಹೀಗಿರುತ್ತ, ಪಂದ್ಯಾವಳಿ ನಡೆಸುವ ಫಾಹಿಮ್ ಸಾಹೇಬರಿಗೆ ಈ ವರ್ಷ ಒಂದು ಆಧುನಿಕ ಬುದ್ಧಿ ಹೊಳೆಯಿತು. ಮೈದಾನದ ಸುತ್ತ ಕ್ಯಾಮೆರಾಗಳು. ಶಾಮಿಯಾನದಡಿ ಒಂದು ಟ್ಯಾಬ್, ಒಂದು ದೊಡ್ಡ ಪರದೆ, ಒಂದು ಮೈಕು. ತೀರ್ಪಿನ ಮೇಲೆ ಅನುಮಾನ ಬಂದರೆ ಕ್ಯಾಪ್ಟನ್ ಕೈಯೆತ್ತಿ ರಿವ್ಯೂ ಕೇಳಬಹುದು. ಶಾಮಿಯಾನದಲ್ಲಿ ಕುಳಿತವರು ರಿಪ್ಲೇ ನೋಡಿ, ಕಂಡದ್ದನ್ನು ಇಡೀ ಮೈದಾನಕ್ಕೆ ಕೇಳುವಂತೆ ಮೈಕಿನಲ್ಲಿ ಹೇಳಬೇಕು. ಅದನ್ನು ಒಪ್ಪುವುದು, ಬಿಡುವುದು ರೆಫ್ರಿಗೆ ಸೇರಿದ್ದು.

"ಎಂತ ಅವಸ್ಥೆ ಮಾರಾಯ್ರೆ! ದೇವರು ಕೊಟ್ಟ ಕಣ್ಣಿಗೆ ಬ್ಯಾಟರಿ ಹಾಕಿದ ಕಣ್ಣು ಬುದ್ಧಿ ಹೇಳುದಾ?" ಎಂದು ಕೊಗ್ಗಣ್ಣ ಮನೆಯಲ್ಲಿ ಗುಡುಗಿದರು. ಫಾಹಿಮ್ ಸಾಹೇಬರ ಎದುರು ಮಾತ್ರ ಗುಡುಗಲಿಲ್ಲ. ಕಾರಣ, ಮುಂದಿನ ತಿಂಗಳು ಸೊಹಾರ್‌ನಲ್ಲಿ ನಡೆಯುವ ದೊಡ್ಡ ಪಂದ್ಯಾವಳಿಗೆ ರೆಫ್ರಿಯನ್ನು ಆರಿಸುವವರೂ ಅವರೇ. ಆ ಸೀಟಿ ತನ್ನ ಬಾಯಿಗೇ ಬರಬೇಕೆಂದು ಕೊಗ್ಗಣ್ಣ ನಿದ್ದೆಯಲ್ಲೂ ತುಟಿ ಮುಂದೆ ಮಾಡುತ್ತಿದ್ದರು.

ಹುಡುಗಿಯರ ಫೈನಲ್ ಬಂತು. ಒಂದು ಕಾಲೇಜಿನ ಕ್ಯಾಪ್ಟನ್ ಕೊಗ್ಗಣ್ಣನ ಸ್ವಂತ ಮಗಳು ತೃಷಾ. ಬೇರೆ ರೆಫ್ರಿಯನ್ನು ಹಾಕಲೇ ಎಂದು ಫಾಹಿಮ್ ಸಾಹೇಬರು ಕೇಳಿದರು. ಕೊಗ್ಗಣ್ಣ ಆಕಾಶ ನೋಡಿ, "ಮೈದಾನದಲ್ಲಿ ನನಗೆ ಮಗಳೂ ಇಲ್ಲ, ಹೆಂಡತಿಯೂ ಇಲ್ಲ" ಎಂದರು.

ಅಷ್ಟರಲ್ಲಿ ಫೋನು ಬಂತು. ರಿವ್ಯೂ ನೋಡಿಕೊಳ್ಳುತ್ತಿದ್ದ ಕಿಶನ್‌ನ ಕಾರು ರುಸ್ತಾಕ್ ದಾರಿಯಲ್ಲಿ ಕೆಟ್ಟು ನಿಂತಿದೆ. ಟ್ಯಾಬ್ ನಡೆಸಲು ಬೇರೆ ಯಾರಿಗೆ ಬರುತ್ತದೆ?

"ಮಮ್ಮಿ ಕ್ಯಾನ್ ಡೂ ಇಟ್. ಶಿ ರಿವೈಂಡ್ಸ್ ಎವ್ರಿಥಿಂಗ್" ಎಂದಳು ತೃಷಾ, ಪಂದ್ಯ ನೋಡಲು ಬಂದು ಕುಳಿತಿದ್ದ ಅಮ್ಮನನ್ನು ತೋರಿಸಿ.

ಸುಳ್ಳಲ್ಲ. ಧಾರಾವಾಹಿಯ ಅತ್ತೆ ನಿನ್ನೆಯ ಮೂಗುಬೊಟ್ಟನ್ನೇ ಇವತ್ತೂ ಹಾಕಿದ್ದಾಳೋ ಎಂದು ಹಿಂದೆ ಮುಂದೆ ಓಡಿಸಿ ಪತ್ತೆ ಹಚ್ಚುವ ಸ್ವರ್ಣಲತಕ್ಕನಿಗೆ ಫುಟ್‌ಬಾಲ್ ಯಾವ ಲೆಕ್ಕ?

ಎದುರಾಳಿ ತಂಡದ ಕೋಚ್, ಉಡುಪಿಯ ಸ್ಟೀವನ್, ಓಡಿಬಂದರು. "ಅಲ್ಲ ಕೊಗ್ಗಣ್ಣ, ಅಪ್ಪ ಮೈದಾನದಲ್ಲಿ, ಅಮ್ಮ ಟಿವಿ ಎದುರು. ನಾವೆಂತ, ನಿಮ್ಮ ಮನೆಗೆ ಊಟಕ್ಕೆ ಬಂದದ್ದಾ?"

ಫಾಹಿಮ್ ಸಾಹೇಬರು ತಮ್ಮ ಮುದ್ದಾದ ಹಿಂದಿಯಲ್ಲಿ ಸಮಾಧಾನ ಹೇಳಿದರು. "ಗಂಡ ಹೆಂಡತಿ ಇಬ್ಬರೂ ಒಂದೇ ಮಾತು ಹೇಳಿದರೆ ಆಗ ದೂರು ಕೊಡಿ."

ಸ್ಟೀವನ್ ಕೂಡ ಸಂಸಾರಸ್ಥರು. ತಕ್ಷಣ ಆಕ್ಷೇಪ ಹಿಂತೆಗೆದುಕೊಂಡರು.

ಆಟ ಶುರುವಾಯಿತು. ಕೊಗ್ಗಣ್ಣನಿಗೆ ನಿಷ್ಪಕ್ಷಪಾತದ ಜ್ವರ ಏರಿತ್ತು. ತೃಷಾ ಸೀನಿದ್ದಕ್ಕೆ ಫೌಲ್. ಶೂ ಲೇಸ್ ಕಟ್ಟಿಕೊಂಡದ್ದಕ್ಕೆ ಎಚ್ಚರಿಕೆ.

"ಪಪ್ಪಾ!"

"ರೆಫ್ರಿ ಅನ್ನು!"

ದ್ವಿತೀಯಾರ್ಧದಲ್ಲಿ ಅವರು ಮೈದಾನದ ಒಂದೇ ಅಂಚಿಗೆ ಅಂಟಿಕೊಂಡು ಓಡಾಡತೊಡಗಿದರು. ಇದು ಯುರೋಪಿನ ಹೊಸ ಪದ್ಧತಿಯಿರಬೇಕು ಎಂದು ತಿಳಿದವರು ತಿಳಿಯದವರಿಗೆ ವಿವರಿಸಿದರು.

ಎರಡೂ ತಂಡ ಸಮ ಸಮ. ಆಟ ಇನ್ನೇನು ಮುಗಿಯಬೇಕು, ತೃಷಾ ಬಿರುಗಾಳಿಯಂತೆ ನುಗ್ಗಿದಳು. ಪುಟಿದು ಬಂದ ಚೆಂಡು ಅವಳಿಗೆ ತಾಗಿ ಬಲೆಯೊಳಗೆ ಬಿತ್ತು. ಎದುರಾಳಿಗಳು "ಹ್ಯಾಂಡ್! ಹ್ಯಾಂಡ್!" ಎಂದು ಕಿರುಚಿದರು. ಸೀಟಿ ಮೊಳಗಿತು.

"ಕೈಗೆ ತಾಗಿದೆ, ಗೋಲ್ ಇಲ್ಲ! ಈ ಎರಡು ಕಣ್ಣಿಂದ ನೋಡಿದ್ದೇನೆ. ಖಲಾಸ್!" ಎಂದರು ಕೊಗ್ಗಣ್ಣ.

ತೃಷಾಳ ಕಣ್ಣು ತುಂಬಿತ್ತು. ಆದರೂ ಅವಳು ಕೈಯೆತ್ತಿದಳು. "ರಿವ್ಯೂ!"

ಸ್ವರ್ಣಲತಕ್ಕ ಕನ್ನಡಕ ಏರಿಸಿದರು. ಪರದೆಯ ಮೇಲೆ ಚೆಂಡು ನಿಧಾನವಾಗಿ ತೇಲಿಬಂತು. ಲೌಡ್‌ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು. "ಚೆಂಡು ತಾಗಿದ್ದು ಹಣೆಗೆ. ಕೈ ಎರಡೂ ಕೆಳಗೆ ಉಂಟು."

"ಆ ಕಡೆಯಿಂದ ಸರಿ ಕಾಣುದಿಲ್ಲ. ನಾನು ಹತ್ತಿರ ಇದ್ದವನು!" ಎಂದು ಕೊಗ್ಗಣ್ಣ ಮೈದಾನದಿಂದಲೇ ಕೂಗಿದರು.

"ಹತ್ತಿರವಾ? ತಡೀರಿ, ಇನ್ನೊಂದು ಕ್ಯಾಮೆರಾ ಹಾಕ್ತೇನೆ."

ಈ ಕ್ಯಾಮೆರಾದಲ್ಲಿ ಒಂದು ಮೂಲೆಗೆ ಗೋಲು, ಇನ್ನೊಂದು ಮೂಲೆಗೆ ಗೆರೆಯಾಚೆಯ, ಕರಕ್ ಎಂಬ ಗಟ್ಟಿ ಚಹಾದ ಅಂಗಡಿ. ಅಂಗಡಿಯ ಎದುರು, ಗೋಲಿಗೆ ಬೆನ್ನು ಹಾಕಿ, ಕಪ್ಪು ಚಡ್ಡಿಯ ದುಂಡು ಆಕೃತಿಯೊಂದು ನಿಂತಿತ್ತು. ಸ್ವರ್ಣಲತಕ್ಕ ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದರು. ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಹಬೆಯಾಡುವ ಕಾಗದದ ಕಪ್ಪು. "ಹ್ಯಾಂಡ್" ಎಂಬ ಕೂಗಿಗೆ ಆಕೃತಿ ಬೆಚ್ಚಿ, ಚಹಾ ಚೆಲ್ಲಿ, ತಿರುಗುವ ಮೊದಲೇ ಸೀಟಿ ಊದಿತು.

ಡಾಕ್ಟರು ಸಕ್ಕರೆ ಕಾಯಿಲೆಯೆಂದು ಹೇಳಿದಂದಿನಿಂದ ಕೊಗ್ಗಣ್ಣನಿಗೆ ಮನೆಯಲ್ಲಿ ಸಿಗುತ್ತಿದ್ದುದು ಚಹಾಪುಡಿ ಸ್ನಾನ ಮಾಡಿ ಎದ್ದ ನೀರು ಮಾತ್ರ.

"ಸ್ವಲ್ಪ ಹಿಂದೆ ಹೋಗಿ ನೋಡುವಾ" ಎಂದಿತು ಲೌಡ್‌ಸ್ಪೀಕರ್. ಹಿಂದೆ ಹೋದಂತೆಲ್ಲ ಹೊಸ ಹೊಸ ಕಪ್ಪುಗಳು ಕಾಣಿಸಿಕೊಂಡವು. "ಇವ್ರೇ, ಇದು ಎಷ್ಟನೇದು?"

"ಸಕ್ಕರೆ ಹಾಕದ್ದು ಮಾರಾಯ್ತಿ!"

"ಅಯ್ಯೋ ಸಾರ್, ಡಬಲ್ ಶುಗರ್ ಕೇಳಿದ್ದು ನೀವೇ ಅಲ್ವಾ!" ಎಂದು ಚಹಾದ ಅಂಗಡಿಯವನು, ತನ್ನ ವ್ಯಾಪಾರದ ಮರ್ಯಾದೆ ಉಳಿಸಿಕೊಳ್ಳಲು, ಕೂಗಿ ಹೇಳಿದ.

ಮೈದಾನ ನಕ್ಕ ಸದ್ದಿಗೆ ಸಮುದ್ರದ ಮೀನುಗಳು ಇರಾನಿನ ಕಡೆಗೆ ವಲಸೆ ಹೋದವು. ಕೊಗ್ಗಣ್ಣ ಶಾಮಿಯಾನಕ್ಕೆ ಧಾವಿಸಿ, ಹೆಂಡತಿಯ ಕಿವಿಯ ಬಳಿ ಬಗ್ಗಿದರು. "ಏಯ್, 'ಸ್ಪಷ್ಟ ಇಲ್ಲ' ಅಂತ ಒಂದು ಮಾತು ಹೇಳು. ಸೊಹಾರ್ ಹೋಯ್ತು ಇಲ್ಲದ್ರೆ. ಈ ರಜೆಯಲ್ಲಿ ಇಡೀ ತಿಂಗಳು ನಿನ್ನ ಅಮ್ಮನ ಮನೆಯಲ್ಲೇ ಇರು. ನಾನೂ ಬರ್ತೇನೆ."

ಕಿವಿಯ ಬಳಿಯೇ ಮೈಕೂ ಇತ್ತು. ಗಂಡನ ಲಂಚವೂ ಹೆಂಡತಿಯ ಉತ್ತರವೂ ಒಟ್ಟಿಗೆ ಪ್ರಸಾರವಾದವು. "ನೀವೂ ಬರುದಾದ್ರೆ ಬೇಡ."

"ಗೋಲ್ ಕೊಟ್ಟುಬಿಡಿ ಕೊಗ್ಗಣ್ಣ. ಸೋತರೂ ಅಡ್ಡಿಯಿಲ್ಲ, ಇದನ್ನು ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಎಂದು ಎದುರಾಳಿ ಸ್ಟೀವನ್ನೇ ಕೈಮುಗಿದರು.

ಕೊಗ್ಗಣ್ಣ ಮಗಳ ಮುಖ ನೋಡಿದರು. ಗ್ಯಾಸು ಮುಗಿದ ಕುಕ್ಕರಿನಂತೆ ಒಂದು ಸೀಟಿ ಹೊರಟಿತು. ಕೈ ಮೈದಾನದ ನಡುವನ್ನು ತೋರಿಸಿತು. ಗೋಲ್! ಪಂದ್ಯಾವಳಿಯ ಕಪ್ಪು ತೃಷಾಳ ತಂಡದ ಪಾಲಾಯಿತು. ಅವಳು ಅದನ್ನು ಹಿಡಿದುಕೊಂಡು ಓಡಿಬಂದು ಮೊದಲು ಅಪ್ಪಿಕೊಂಡದ್ದು ಶಾಮಿಯಾನದ ರೆಫ್ರಿಯನ್ನು.

ಎಲ್ಲ ಮುಗಿದ ಮೇಲೆ ಫಾಹಿಮ್ ಸಾಹೇಬರು ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತ ಬಂದರು. "ಸೊಹಾರ್‌ನಲ್ಲಿ ರಿವ್ಯೂ ಮೇಜಿಗೆ ಮೇಡಂ ಬೇಕೇ ಬೇಕು. ಇಷ್ಟು ಜನ ಇಷ್ಟು ಖುಷಿಯಿಂದ ಪಂದ್ಯ ನೋಡಿದ್ದನ್ನು ನಾನು ಕಂಡಿಲ್ಲ. ಸೀಟಿಗೆ ನೀವೂ ಬರುತ್ತೀರಾ?"

ಬಾಡಿಹೋಗಿದ್ದ ಕೊಗ್ಗಣ್ಣ ಪಂಪು ಹೊಡೆದ ಚೆಂಡಿನಂತೆ ಉಬ್ಬಿದರು. ಚಡ್ಡಿ ಮೇಲಕ್ಕೆಳೆದು, ದನಿಗೆ ಕಚೇರಿಯ ಗತ್ತು ತಂದುಕೊಂಡರು. "ನನಗೆ ಆಫೀಸಿನಲ್ಲಿ ಕೆಲಸ ಬಹಳ. ಯೋಚಿಸಿ ಹೇಳ್ತೇನೆ. ಹೋಗುದಾ ಬಿಡುದಾ, ಇಂಥದ್ದರಲ್ಲಿ ನಮ್ಮ ಮನೆಯಲ್ಲಿ ತೀರ್ಮಾನ ಯಾವಾಗ್ಲೂ ನನ್ನದೇ."

ಸ್ವರ್ಣಲತಕ್ಕ ಟ್ಯಾಬ್ ಮುಚ್ಚಿ ಎದ್ದರು.

"ಹೌದು ಸರ್, ತೀರ್ಮಾನ ಇವರದ್ದೇ. ಅದು ಎಂತದು ಅಂತ ಮನೆಗೆ ಹೋಗಿ ನಾನು ಇವರಿಗೆ ಹೇಳ್ತೇನೆ."