ಇವರ ಅಂಗಿಯೊಳಗಿನ ನೊಣಗಳು

ನನ್ನ ಗಂಡನಿಗೆ ಇನ್ನೊಂದು ಸಂಸಾರವಿತ್ತು ಎಂದರೆ ನೀವು ನಂಬಲೇಬೇಕು! ಇವರು ಪುಂಜಾಲಕಟ್ಟೆಯ ಹತ್ತಿರದ ಶಾಲೆಯೊಂದರಲ್ಲಿ ಗಣಿತದ ಮಾಸ್ಟ್ರು. ಆ ಸಂಸಾರ ಇದ್ದದ್ದು ಶಾಲೆಯ ಜಗಲಿಯ ಮಾಡಿನಲ್ಲಿ. ಗೂಡು ಅಂಟಿಸಿಕೊಂಡು ಇಡೀ ದಿನ ಕಿರುಚುವ ಬಾನಾಡಿ ಹಕ್ಕಿಗಳು! ಹಕ್ಕಿಯ ಮರುಳಿನ ಗಂಡಂದಿರು ಲೋಕದಲ್ಲಿ ಎಷ್ಟಿಲ್ಲ? ಆದರೆ ಇವರ ಮರುಳು ಹಕ್ಕಿಯ ಮೈಮೇಲಿನ ನೊಣದ್ದು.

ಆ ನೊಣವನ್ನು ನೀವು ನೋಡಿರಲಿಕ್ಕಿಲ್ಲ, ಪುಣ್ಯವಂತರು. ಯಾರೋ ಮೆಟ್ಟಿ ಹೋದ ಹಾಗೆ ಚಪ್ಪಟೆ. ಹೆಸರಿಗೆ ನೊಣ, ಹಾರಲು ಬಾರದು. ಏಡಿಯ ಹಾಗೆ ಅಡ್ಡಡ್ಡ ಓಡಿ, ಗರಿಯೊಳಗೆ ನುಗ್ಗಿ ರಕ್ತ ಹೀರುತ್ತದೆ. ಮರಿಯೊಂದು ಕೆಳಗೆ ಬಿದ್ದರೆ ಇವರು ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಓಡಿ, ಅಂಗೈಯಲ್ಲಿ ಮಗುಚಿ ಹಾಕಿ ನೊಣ ಹೆಕ್ಕುತ್ತಿದ್ದರು. ಅರ್ಧಕ್ಕರ್ಧ ಇವರ ಅಂಗಿಯೊಳಗೇ ನುಸುಳಿ ನಮ್ಮ ಮನೆಗೆ ಬರುತ್ತಿದ್ದವು!

"ನಿಮ್ಮನ್ನು ಕಚ್ಚುವುದಿಲ್ವಾ?"

"ಮನುಷ್ಯರ ರಕ್ತ ಅದಕ್ಕೆ ಸೇರುವುದಿಲ್ಲ ಮಾರಾಯ್ತಿ. ಒಳ್ಳೆ ಅಭಿರುಚಿ ಉಂಟು!"

ಒಮ್ಮೆ ಮೂಡಬಿದ್ರೆ ಬಸ್ಸಿನಲ್ಲಿ ಒಂದು ನೊಣ ಪಕ್ಕದವರ ಹೆಗಲಿಗೆ ದಾಟಿತು. ಸುಮ್ಮನಿರಬಾರದೇ? "ಅಲುಗಾಡಬೇಡಿ, ನನ್ನದೊಂದು ನಿಮ್ಮ ಮೇಲೆ ಬಂದಿದೆ" ಎಂದು ಅವರ ಕಾಲರಿಗೇ ಕೈ ಹಾಕಿದರು! ಆ ಮನುಷ್ಯ ಉಳಿದ ದಾರಿಯುದ್ದಕ್ಕೂ ನಿಂತುಕೊಂಡೇ ಬಂದ. ಹೆಂಗಸರ ಸೀಟಿನಲ್ಲಿದ್ದ ನಾನು, ಇವರು ಯಾರೋ ಏನೋ ಎಂಬಂತೆ ಕಿಟಕಿಯ ಹೊರಗೆ ನೋಡಿದೆ.

ಆಮೇಲೆ ಬಂಟ್ವಾಳದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ಗಂಡಿನ ತಾಯಿಯ ರೇಷ್ಮೆ ಸೆರಗಿನ ಮೇಲೆ ಏನೋ ಓಡಿತು.

"ಅಯ್ಯೋ, ಉಣ್ಣಿ!" ಎಂದು ಅವರು ಚೀರಿದರು.

ಇವರು ಎದ್ದು ನಿಂತರು. "ಉಣ್ಣಿ ಅಲ್ಲ ಅಕ್ಕಾ, ನೊಣ. ಉಣ್ಣಿಗೆ ಎಂಟು ಕಾಲು, ಇದಕ್ಕೆ ಆರೇ. ಬೇಕಾದರೆ ಲೆಕ್ಕ ಮಾಡಿ!"

ಅವರು ಲೆಕ್ಕ ಮಾಡಲಿಲ್ಲ, ಹೊರಟು ನಿಂತರು. ಅಮ್ಮ ಕೈಮುಗಿದು ಹೇಗೋ ಕೂರಿಸಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಮನೆಗೆ ಬಂದು ನಾನು ಅತ್ತುಬಿಟ್ಟೆ. "ನಾಲ್ಕು ಜನರ ಎದುರು ತಲೆ ಎತ್ತುವ ಹಾಗಿಲ್ಲ. ನಿಮಗೆ ನಾನು ಬೇಕಾ, ಆ ನೊಣ ಬೇಕಾ?"

ಇವರು ಅಂಗಿ ಕಳಚಿ ಅಂಗಳದಲ್ಲಿ ಕೊಡವಿದರು. ಒಳಗೆ ಬಂದು, "ಬಿಡ್ತೇನೆ" ಎಂದರು. ಅಂದಿನಿಂದ ಇವರ ಅಂಗಿಯಲ್ಲಿ ಬೆವರು, ಸೀಮೆಸುಣ್ಣ ಬಿಟ್ಟು ಬೇರೇನೂ ಇರಲಿಲ್ಲ. ನನಗೆ ಪರಮ ಸಂತೋಷ!

ಕೆಲವು ತಿಂಗಳ ಮೇಲೆ, ಇವರು ಮರೆತುಹೋದ ಬುತ್ತಿ ಕೊಡಲು ಶಾಲೆಗೆ ಹೋದೆ. ಜಗಲಿಯಲ್ಲಿ ಮಕ್ಕಳ ಗುಂಪು. ನಡುವೆ ನೆಲದ ಮೇಲೊಂದು ಮರಿ, ಅದರ ಕಣ್ಣಿನ ಪಕ್ಕದಲ್ಲೇ ಎರಡು ನೊಣ. ಇವರು ಬಗ್ಗಿ ನೋಡುತ್ತಿದ್ದರು. ಕೈಗಳನ್ನು ಮಾತ್ರ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ನಾನು ಬಂದದ್ದು ಇವರಿಗೆ ಗೊತ್ತಿರಲಿಲ್ಲ.

"ನೀವು ಹೆಕ್ಕುವುದಿಲ್ವಾ ಸಾರ್?" ಎಂದಳು ಒಬ್ಬ ಹುಡುಗಿ.

"ಇಲ್ಲ ಮಗಾ. ಮನೆಯಲ್ಲಿ ಮಾತು ಕೊಟ್ಟಾಗಿದೆ."

ಬಂಟ್ವಾಳದಲ್ಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಬುತ್ತಿ ಕೆಳಗಿಟ್ಟು, ಮಕ್ಕಳನ್ನು ಸರಿಸಿ ಮರಿಯನ್ನು ಎತ್ತಿಕೊಂಡೆ. ಬೆಚ್ಚಗಿತ್ತು.

"ಎಲ್ಲಿ ಹಿಡಿಯಬೇಕು, ಹೇಳಿ" ಎಂದೆ.

"ಮೆಲ್ಲ..." ಎಂದರು ಇವರು. ಬೆನ್ನ ಹಿಂದಿನಿಂದ ಒಂದು ಕೈ ಬಿಡಿಸಿಕೊಂಡು ಜಾಗ ತೋರಿಸಿದರು.