ನಾಲೆ ಏರಿಯ ಸಾಹೇಬರು

ನಮ್ಮ ಮನೆಯವರನ್ನು ಕರಕೊಂಡು ಹೊರಗೆ ಹೊರಟರೆ ಏನಾದರೊಂದು ಆಗದೆ ವಾಪಸ್ಸು ಬಂದದ್ದೇ ಇಲ್ಲ. ಕೇಳಿದವರು ನಗ್ತಾರೆ. ಈಗ ಹೇಳುವಾಗ ನನಗೂ ನಗು ಬರತ್ತೆ, ಆದರೆ ಆಗ ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು.

ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿತ್ತು. ಅವರು ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ದುಡಿದು ಹೆಡ್ ಗುಮಾಸ್ತರಾಗಿ ರಿಟೈರ್ ಆದರು. ಜಯಲಕ್ಷ್ಮಿಪುರಂನ ನಮ್ಮ ಮನೆಯ ವರಾಂಡದಲ್ಲಿ ಒಂದು ಈಜಿಚೇರು ಇತ್ತು. ಅದರಲ್ಲಿ ಕೂತರು. ಊಟಕ್ಕೆ ಕರೆದರೆ ಏಳೋದು, ಮತ್ತೆ ಬಂದು ಕೂರೋದು. ಮಾತು ಕೂಡ ಕಮ್ಮಿಯಾಯಿತು. ಆರು ತಿಂಗಳಿಗೆ ಎದೆನೋವು ಬಂತು.

ಲಷ್ಕರ್ ಮೊಹಲ್ಲಾದ ಡಾಕ್ಟರು ಅವರಿಗೆ ಔಷಧಿ ಬರೆದುಕೊಟ್ಟು ನನ್ನನ್ನು ಪಕ್ಕಕ್ಕೆ ಕರೆದರು. ಇವರನ್ನ ನಡೆಸಬೇಕು ಕಣಮ್ಮ, ಏರು ದಿಣ್ಣೆ ಬೇಡ, ಸಮನಾದ ನೆಲದ ಮೇಲೆ ನಿಂತು ನಿಂತು ನಡೀಲಿ, ನಿಂತಾಗೆಲ್ಲ ನಾಡಿ ನೋಡಿ ಬರಕೊಳ್ಳಲಿ ಅಂದರು. ಹೀಗೇ ಕೂರಿಸಿಬಿಟ್ಟರೆ ಮುಂದಿನ ಯುಗಾದಿ ಕಾಣೋದು ಕಷ್ಟ ಅಂತಲೂ ಅಂದರು. ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ನಡೀರಿ ಅಂದೆ. ಎಲ್ಲಿಗೆ ಅಂದರು. ಎಲ್ಲಿಗೂ ಇಲ್ಲ, ಸುಮ್ಮನೆ ಅಂದೆ. ಸುಮ್ಮನೆ ಯಾತಕ್ಕೆ ನಡೀಬೇಕು ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ಆ ಮನುಷ್ಯನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ನಾನು ಬೇಸಾಯದ ಮನೆಯಿಂದ ಬಂದವಳು, ನಾಲೆ ನೀರಲ್ಲಿ ಈಜಿ ಬೆಳೆದವಳು. ನಾಲೆ ಏರಿಯಷ್ಟು ಸಮನಾದ ದಾರಿ ಬೇರೆ ಇಲ್ಲ. ಪಕ್ಕದಲ್ಲಿ ನೀರು, ಮೇಲೆ ಮರದ ನೆರಳು, ದಣಿವಾದರೆ ಕೂರೋದಕ್ಕೆ ಗದ್ದೆಗೆ ನೀರು ಬಿಡುವ ತೂಬಿನ ಕಲ್ಲುಕಟ್ಟೆ. ಶ್ರೀರಂಗಪಟ್ಟಣದ ಹತ್ತಿರ ನಾಲೆ ಎಷ್ಟು ಚೆನ್ನಾಗಿ ಕಟ್ಟಿದ್ದಾರೆ, ಹೋಗಿ ನೋಡಿಕೊಂಡು ಬರೋಣ ಅಂದೆ. ನೋಡೋದು ಅಂದರೆ ಅದೊಂದು ಕೆಲಸ ಆಯಿತಲ್ಲ, ಒಪ್ಪಿಕೊಂಡರು.

ಒಂದು: ಕೋಟು

ಭಾನುವಾರ ಬೆಳಿಗ್ಗೆ ರೈಲಿಗೆ ಹೊರಟಾಗ ನೋಡ್ತೀನಿ, ಕತ್ತಿನ ತನಕ ಗುಂಡಿ ಹಾಕುವ ಕೋಟು, ಜರಿ ಪೇಟ, ಕೈಯಲ್ಲಿ ಕೊಡೆ, ಜೇಬಲ್ಲಿ ಸರಪಳಿ ಗಡಿಯಾರ. ಗದ್ದೆ ಬಯಲಿಗೆ ಹೋಗೋಕೆ ಇದೆಲ್ಲ ಯಾಕೆ ಅಂದರೆ, ಕೋಟಿಲ್ಲದೆ ರೈಲು ಹತ್ತಿ ಅಭ್ಯಾಸವಿಲ್ಲ ಅಂದರು. ಜಗಳ ಆಡಿದರೆ ಈಜಿಚೇರಿಗೇ ವಾಪಸ್ಸು ಹೋಗ್ತಾರೆ ಅಂತ ಸುಮ್ಮನಾದೆ.

ಏರಿ ಹತ್ತಿದ ಮೇಲೆ ಅವರು ಕಚೇರಿಯ ಪಡಸಾಲೆಯಲ್ಲಿ ನಡೆದ ಹಾಗೇ ನಡೆದರು. ಕೈ ಹಿಂದೆ, ಹುಬ್ಬು ಗಂಟು. ಮೊದಲನೇ ತೂಬು ಬಂತು. ನಿಂತರು, ಗಡಿಯಾರ ತೆಗೆದರು, ನಾಡಿ ಹಿಡಿದರು, ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಎರಡನೇ ತೂಬಲ್ಲೂ ಅದೇ. ದೂರದಿಂದ ನೋಡಿದವರಿಗೆ ಒಬ್ಬ ದೊಡ್ಡ ಮನುಷ್ಯರು ತೂಬಿನ ಮುಂದೆ ನಿಂತು ಟೈಮು ನೋಡಿ ಏನೋ ಬರೆದುಕೊಳ್ತಿದ್ದಾರೆ ಅನ್ನೋದಷ್ಟೇ ಕಾಣಬೇಕು.

ಮೂರನೇ ತೂಬಿನ ಹತ್ತಿರ ಒಬ್ಬ ರೈತ ಏರಿಯನ್ನೇ ಕಡಿದು ಕಳ್ಳ ಕಾಲುವೆ ಮಾಡಿಕೊಂಡು ತನ್ನ ಗದ್ದೆಗೆ ನೀರು ಬಿಟ್ಟುಕೊಂಡಿದ್ದ. ಇವರು ಪುಸ್ತಕ ತೆಗೆದದ್ದೇ ತಡ, ಅವನು ಹೆಂಡತಿ ಮಕ್ಕಳನ್ನೆಲ್ಲ ಕೂಗಿ ಕರೆದು, ಬುಟ್ಟಿ ಬುಟ್ಟಿ ಮಣ್ಣು ಸುರಿದು ಅದನ್ನ ಮುಚ್ಚಿಬಿಟ್ಟ. ಮುಚ್ಚಿ, ತುಳಿದು, ಮೇಲೆ ಗರಿಕೆ ಹುಲ್ಲು ನೆಟ್ಟು ಕೈ ಮುಗಿದು ನಿಂತ. ನಮ್ಮ ಮನೆಯವರು ಗಂಭೀರವಾಗಿ ತಲೆ ಆಡಿಸಿ ಮುಂದೆ ಹೋದರು. ಪುಸ್ತಕದಲ್ಲಿ ಅವರು ಬರೆದದ್ದು ಎಂಬತ್ತನಾಲ್ಕು, ಸ್ವಲ್ಪ ಏದುಸಿರು.

ಎರಡು: ನೀರುಗಂಟಿ

ಮುಂದಿನ ಭಾನುವಾರ ನೀರುಗಂಟಿ ಓಡಿಕೊಂಡು ಬಂದ. ತೂಬು ತೆಗೆದು ಮುಚ್ಚಿ ಊರಿನ ಗದ್ದೆಗಳಿಗೆಲ್ಲ ನೀರು ಹಂಚುವವನು. ಖಾಕಿ ಅಂಗಿಯ ಗುಂಡಿಯನ್ನ ದಾರಿಯಲ್ಲೇ ಹಾಕಿಕೊಳ್ಳುತ್ತಾ ಬಂದವನು, ಐದನೇ ತೂಬಿನ ತಿರುಪು ಮುರಿದು ಎರಡು ವರ್ಷ ಆಯ್ತು, ನನ್ನ ತಪ್ಪೇನೂ ಇಲ್ಲ ಬುದ್ಧಿ ಅಂತ ಶುರು ಮಾಡಿದ.

ಆರು ತಿಂಗಳಿಂದ ನಮ್ಮವರ ಹತ್ತಿರ ಯಾರೂ ಯಾವ ತಾಪತ್ರಯವನ್ನೂ ಹೇಳಿಕೊಂಡಿರಲಿಲ್ಲ. ಕಲ್ಲುಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದರು. ಆಮೇಲೆ, ಬಾಯಲ್ಲಿ ಹೇಳಿದರೆ ಯಾವ ಕಚೇರಿಯಲ್ಲೂ ಏನೂ ಆಗಲ್ಲಪ್ಪ, ಬರವಣಿಗೆಯಲ್ಲಿ ಇರಬೇಕು ಅಂತ ಪುಸ್ತಕದ ಹಾಳೆ ಹರಿದು ಅರ್ಜಿ ಬರೆದುಕೊಟ್ಟರು. ಎಂಥಾ ಅರ್ಜಿ ಅಂತೀರಿ, ಓದಿದರೆ ತಿರುಪು ತಾನಾಗೇ ಸರಿಯಾಗಬೇಕು. ಬರೆದು, ಎಲ್ಲಿ ಆ ತೂಬು ತೋರಿಸು ಅಂತ ಎದ್ದರು. ಅಲ್ಲಿಗೆ ಇನ್ನೂ ಒಂದು ಮೈಲಿ ಇತ್ತು. ನಡೆದರು. ನಾನು ಹಿಂದೆ ಹಿಂದೆ ಹೋದೆ.

ನನಗೆ ಆವಾಗಲೇ ಗೊತ್ತಾಯಿತು, ಈ ಜನ ಇವರನ್ನ ಇಲಾಖೆಯ ಸಾಹೇಬರು ಅಂದುಕೊಂಡಿದ್ದಾರೆ ಅಂತ. ಹೇಳಬೇಕಾಗಿತ್ತು. ಹೇಳಲಿಲ್ಲ. ಪಾಪ ಬಂದರೆ ನನಗೇ ಬರಲಿ, ಈ ಮನುಷ್ಯ ನಡೀಲಿ ಅಂತ ಬಾಯಿ ಮುಚ್ಚಿಕೊಂಡೆ.

ಅವರಿಗೆ ಮಾತ್ರ ಒಂದಿಷ್ಟೂ ಅನುಮಾನವಿಲ್ಲ. ವಾಪಸ್ಸು ಬರುವಾಗ ರೈಲಿನಲ್ಲಿ, ಹಳ್ಳಿ ಜನಕ್ಕೆ ವಯಸ್ಸಾದವರ ಮೇಲೆ ಎಷ್ಟು ಗೌರವ ನೋಡಿದೆಯಾ ಅಂದರು. ಏರಿ ಮೇಲೆ ಜನ ಎಳನೀರು ಕೊಟ್ಟರೆ ಮುಟ್ಟಿರಲಿಲ್ಲ. ಕೆಲಸದಲ್ಲಿದ್ದಾಗ ಯಾರಿಂದಲೂ ಏನೂ ತಗೊಂಡವರಲ್ಲ, ರಿಟೈರ್ ಆದಮೇಲೂ ಅದೇ ಚಾಳಿ. ಅವರು ಬೇಡ ಅಂದ ನಾಲ್ಕು ಎಳನೀರನ್ನೂ ಗಂಡನ ಮಾನ ಉಳಿಸೋದಕ್ಕೆ ನಾನೇ ಕುಡಿಯಬೇಕಾಯಿತು.

ಮೂರು: ಸೀನಿಯಾರಿಟಿ

ತಿಂಗಳು ಕಳೆಯೋದರಲ್ಲಿ ಒಂದೊಂದು ತೂಬಿನ ಹತ್ತಿರವೂ ಒಬ್ಬೊಬ್ಬರು ಕಾಯ್ತಿದ್ದರು. ಒಬ್ಬ ಅರ್ಜಿ ಬರೆಸಿಕೊಂಡು ಬಿಟ್ಟರೆ ಮುಂದಿನ ತೂಬಿನಲ್ಲಿ ಇನ್ನೊಬ್ಬ. ನಾಲ್ಕು ಮೈಲಿ ಆಯಿತು. ನಾಡಿ ಎಪ್ಪತ್ತಾರಕ್ಕೆ ಇಳಿಯಿತು. ಮನೆಯಲ್ಲಿ ಎರಡು ಸಲ ಸಾರು ಹಾಕಿಸಿಕೊಂಡರು. ನಾನು ದೇವರ ಮನೆಗೆ ಹೋಗಿ ಅತ್ತೆ.

ಒಂದು ವಾರ ಇಬ್ಬರು ಅಣ್ಣತಮ್ಮಂದಿರು ಬಂದರು. ಇಬ್ಬರ ಗದ್ದೆಗೂ ಒಂದೇ ಕಾಲುವೆ, ಮೊದಲು ನೀರು ಯಾರಿಗೆ ಅನ್ನೋದು ಜಗಳ. ಅಣ್ಣ ತಾನು ದೊಡ್ಡವನು ಅಂದ. ನಮ್ಮವರು ಕಣ್ಣು ಮುಚ್ಚಿ ಯೋಚನೆ ಮಾಡಿ, ವಯಸ್ಸು ಲೆಕ್ಕಕ್ಕೆ ಬರಲ್ಲ, ಬೇಸಾಯಕ್ಕೆ ಯಾರು ಯಾವಾಗ ಸೇರಿದಿರಿ ಹೇಳಿ ಅಂದರು. ಅಣ್ಣ ದೊಡ್ಡವನಾಗುವ ತನಕ ಮೈಸೂರಿನ ಸೋದರಮಾವನ ಮನೆಯಲ್ಲಿ ಓದುತ್ತಿದ್ದನಂತೆ, ತಮ್ಮ ಹನ್ನೆರಡನೇ ವಯಸ್ಸಿಗೇ ನೇಗಿಲು ಹಿಡಿದಿದ್ದ. ಹಾಗಾದರೆ ಸರ್ವೀಸ್ ಪ್ರಕಾರ ತಮ್ಮನೇ ಸೀನಿಯರ್, ನೀರು ಅವನಿಗೆ ಮೊದಲು ಅಂತ ತೀರ್ಪು ಕೊಟ್ಟರು.

ಅಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಹಳ ವಿನಯವಾಗಿ ಕೇಳಿದ, "ಅಂಗಾದ್ರೆ ನನಗೆ ಪ್ರಮೋಷನ್ ಯಾವಾಗ ಬುದ್ಧಿ?"

ನಾಲ್ಕು: ಜೀಪು

ಹೀಗೇ ಇರೋದಕ್ಕಾಗತ್ತಾ? ಒಂದು ಭಾನುವಾರ ಏರಿಯ ಮೇಲೆ ಧೂಳೆಬ್ಬಿಸಿಕೊಂಡು ಜೀಪು ಬಂತು. ಒಳಗೆ ನಿಜವಾದ ಇಂಜಿನಿಯರು, ಸಣ್ಣ ವಯಸ್ಸಿನವರು. ಅವರ ಕಚೇರಿಗೆ ಒಂದೇ ಕೈಬರಹದ ಹನ್ನೊಂದು ಅರ್ಜಿ ಹೋಗಿತ್ತಂತೆ. ಯಾರಪ್ಪ ಬರೆದದ್ದು ಅಂತ ಊರಲ್ಲಿ ಕೇಳಿದರೆ, ಮೈಸೂರಿನ ದೊಡ್ಡ ಸಾಹೇಬರು ಅಂದಿದ್ದಾರೆ. ಮೇಲಿನಿಂದ ಯಾರೋ ಗುಟ್ಟಾಗಿ ತಪಾಸಣೆಗೆ ಬಂದಿದ್ದಾರೆ ಅಂತ ಆ ಹುಡುಗನಿಗೆ ಗಾಬರಿ. ಇಳಿದು ಕೈ ಮುಗಿದು, ತಾವು ಯಾವ ಇಲಾಖೆ ಸಾರ್ ಅಂದರು. ನಮ್ಮವರು ನಾಡಿ ಹಿಡಿದಿದ್ದ ಕೈ ಬಿಡದೆ, ಯಾವುದೂ ಇಲ್ಲ, ರಿಟೈರ್ಡ್ ಅಂದರು.

"ಮತ್ತೆ ಇಲ್ಲಿ ಏನು ಪರೀಕ್ಷೆ ಮಾಡ್ತಿದ್ದೀರಿ?"

"ನನ್ನ ನಾಡಿ."

ಇಂಜಿನಿಯರು ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ, ಕೋಪ ಮಾಡಲಿಲ್ಲ. ಇವರೆಲ್ಲ ತಮ್ಮನ್ನ ನಮ್ಮ ಮೇಲಧಿಕಾರಿ ಅಂತ ತಿಳಕೊಂಡಿದ್ದಾರೆ ಸಾರ್ ಅಂತ ಬಿಡಿಸಿ ಹೇಳಿ ಹೋದರು. ನೀರುಗಂಟಿ ತಲೆ ತಗ್ಗಿಸಿಕೊಂಡು ನಿಂತಿದ್ದ. ನಮ್ಮ ಮನೆಯವರ ಮುಖ ಬಿಳಿಚಿಕೊಂಡಿತು.

ಕಚೇರಿಯ ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ ಅವರು. ಇಲ್ಲದ ಅಧಿಕಾರ ಹಾಕಿಕೊಂಡು ಬಡವರಿಗೆ ಮೋಸ ಮಾಡಿಬಿಟ್ಟೆ ಅನ್ನೋದು ಅವರ ತಲೆಗೆ ಹೊಕ್ಕಿತು. ಮನೆಗೆ ಬಂದು ಕೋಟನ್ನ ಮಡಿಸಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟರು. ಈಜಿಚೇರಿನಲ್ಲಿ ಕೂತರು.

ಮೂರು ಭಾನುವಾರ ಹೋದವು. ಬೇಡಿಕೊಂಡೆ, ಬೈದೆ, ಕೊನೆಗೆ ಡಾಕ್ಟರು ನನಗೆ ಹೇಳಿದ್ದ ಮಾತನ್ನೂ ಹೇಳಿಬಿಟ್ಟೆ. ಆಗಲಿ ಬಿಡು, ನಾನು ಯಾವ ಮುಖ ಇಟ್ಕೊಂಡು ಹೋಗಲಿ ಅಂದರು. ಅವರ ಪಾದ ಊದಿಕೊಳ್ಳೋಕೆ ಶುರುವಾಯಿತು. ಇಷ್ಟರಲ್ಲಿ ಪಕ್ಕದ ಮನೆಯಾಕೆ ಬೇರೆ ಬಂದು, ನಿಮ್ಮವರದ್ದೇ ಪುಣ್ಯ ಕಣ್ರೀ, ಎಷ್ಟು ಆರಾಮಾಗಿ ಕೂತಿದ್ದಾರೆ ಅಂದಳು.

ಐದು: ಅಪೀಲು

ನಾಲ್ಕನೇ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ನೀರುಗಂಟಿ, ಅವನ ಹಿಂದೆ ಆ ಅಣ್ಣತಮ್ಮ. ಯಾವತ್ತೋ ನಾನು ಹೇಳಿದ್ದ ಬೀದಿ ಹೆಸರು ಹಿಡಿದು, ಹತ್ತು ಮನೆ ಬಾಗಿಲು ತಟ್ಟಿ ಬಂದಿದ್ದರು.

ನಮ್ಮವರು ಎದ್ದು ನಿಂತರು. ನಿಂತು ಮೂವರಿಗೂ ಕೈ ಮುಗಿದರು. ನಾನು ಅಧಿಕಾರಿ ಅಲ್ಲಪ್ಪ, ನಿಮಗೆಲ್ಲ ಮೋಸವಾಗಿದೆ, ಕ್ಷಮಿಸಿಬಿಡಿ ಅಂದರು.

ನೀರುಗಂಟಿ ನನ್ನ ಮುಖ ನೋಡಿದ, ಅವರ ಮುಖ ನೋಡಿದ.

"ಅದು ನಮಗೆ ಎರಡನೇ ವಾರಕ್ಕೇ ಗೊತ್ತಿತ್ತು ಬುದ್ಧಿ. ಸಾಹೇಬ್ರು ಎಲ್ಲಾದ್ರೂ ನಡೀತಾರಾ? ಇಪ್ಪತ್ತು ವರ್ಷದಿಂದ ಏರಿ ಮೇಲಿದ್ದೀನಿ, ಒಬ್ಬ ಸಾಹೇಬ್ರ ಪಾದ ನಾನು ಕಂಡಿಲ್ಲ."

ಮತ್ತೆ ಯಾಕಪ್ಪ ಅರ್ಜಿ ಬರೆಸಿಕೊಳ್ತಿದ್ದಿರಿ ಅಂದರು ನಮ್ಮವರು.

ನೀರುಗಂಟಿ ಹೇಳಿದ. ಎದೆನೋವಿದ್ದ ಅವನ ಅಪ್ಪನೂ ಹೀಗೇ ಏದುಸಿರು ಬಿಡ್ತಾ, ನಿಂತು ನಿಂತು ನಡೀತಿದ್ದನಂತೆ. ಒಂದು ದಿನ ಏರಿ ಮೇಲೇ ಬಿದ್ದ, ಹಿಡಕೊಳ್ಳೋಕೆ ಹತ್ತಿರ ಯಾರೂ ಇರಲಿಲ್ಲ. ಅದಕ್ಕೇ ಇವನು ಊರಲ್ಲಿ ಹೇಳಿ, ಭಾನುವಾರ ಭಾನುವಾರ ತೂಬಿಗೊಬ್ಬರಂತೆ ಆಳು ನಿಲ್ಲಿಸಿದ್ದ. ಸುಮ್ಮನೆ ನಿಂತರೆ ಇವರು ಬೇಜಾರು ಮಾಡಿಕೊಳ್ತಾರೆ ಅಂತ ಒಬ್ಬೊಬ್ಬರೂ ಒಂದೊಂದು ಅರ್ಜಿ ಹುಡುಕಿಕೊಂಡು ಬರ್ತಿದ್ದರು.

ಗಂಡನನ್ನ ಕಾಯ್ತಿರೋಳು ನಾನೊಬ್ಬಳೇ ಅಂದುಕೊಂಡಿದ್ದೆ. ಒಂದು ಊರೇ ಕಾಯ್ತಿತ್ತು.

ನಮ್ಮವರು ಅಣ್ಣತಮ್ಮಂದಿರ ಕಡೆ ತಿರುಗಿ, ಹಾಗಾದರೆ ನಿಮ್ಮ ಜಗಳವೂ ಸುಳ್ಳಾ ಅಂದರು.

"ಅದು ನಾಲ್ಕು ವರ್ಷದ ಹಿಂದೇನೇ ಮುಗ್ದೋಗಿತ್ತು ಬುದ್ಧಿ," ಅಂದ ಅಣ್ಣ. "ಬೇರೆ ಏನೂ ಸಿಗ್ಲಿಲ್ಲ, ಅದನ್ನೇ ತಂದ್ಬುಟ್ಟೆವು. ಈಗ ನೀವು ತೀರ್ಪು ಕೊಟ್ಟಿದ್ದಕ್ಕೆ ನಿಜವಾಗ್ಲೂ ಶುರುವಾಗ್ಬುಟ್ಟದೆ. ಇವನು ಸೀನಿಯರ್ ಅಂತ ನನ್ನ ಕೈಲಿ ಮಾತೇ ಆಡ್ತಿಲ್ಲ."

"ಯಾಕೆ, ತೀರ್ಪು ತಪ್ಪಾಗಿತ್ತಾ?"

"ಸರಿಯಾಗೇ ಇತ್ತು ಬುದ್ಧಿ. ಅದಕ್ಕೇ ಜಗಳ."

ನಮ್ಮ ಮನೆಯವರು, ಇದನ್ನ ಇಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ, ಅಪೀಲನ್ನ ಆ ಜಾಗದಲ್ಲೇ ಕೇಳಬೇಕು ಅಂತ ಒಳಗೆ ಹೋಗಿ ಟ್ರಂಕು ತೆಗೆದರು.

ಆ ಅಪೀಲು ಒಂಬತ್ತು ವರ್ಷ ನಡೆಯಿತು, ಒಂದು ಭಾನುವಾರವೂ ತಪ್ಪದ ಹಾಗೆ.